ಗಂಡನ ಗಂಟು ಗಾಜಿನ ತಟ್ಟೆಯಲ್ಲಿ

“ಅಜ್ಜಿ, ತಾತನಿಂದ ತೆಗೆದ ಗಂಟಲ್ಲಿ ಒಂದು ಚೂರು ನಮ್ಮ ಸಂಶೋಧನೆಗೆ ಕೊಡ್ತೀರಾ?” ಎಂದು ತಮಿಳುನಾಡಿನ ತೇನಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಮಿಳಲ್ಲಿ ಕೇಳಿದಳು. ನನ್ನ ಗಂಡನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಆ ಚೂರನ್ನು ಗಾಜಿನ ತಟ್ಟೆಯಲ್ಲಿ, ಇನ್ನೂ ಕೂಸಾಗದ ಭ್ರೂಣದ ಜೀವಕಣಗಳ ಪಕ್ಕದಲ್ಲಿಟ್ಟು ಬೆಳೆಸಿ, ರೋಗ ಅಡಗುತ್ತದೆಯೇ ಎಂದು ನೋಡುತ್ತಾರಂತೆ. ಅದರಿಂದ ಇವರಿಗೆ ಗುಣವಾಗುವುದಿಲ್ಲ ಎಂದೂ ಮುಚ್ಚಿಡದೆ ಹೇಳಿದಳು.

ಮಂಚದಲ್ಲಿ ಮಲಗಿದ್ದ ಇವರು ನನ್ನ ಕಡೆ ತಿರುಗಿ ನಮ್ಮ ಮನೆಮಾತು ಕನ್ನಡದಲ್ಲಿ ಸಿಡುಕಿದರು. “ನಮ್ ಕುಲದೋರು ದೇವ್ರಿಗೆ ಬಿಟ್ಟ ಮಂದೇಲಿ ಹೋರಿ ಸತ್ರೆ ತೊಗಲೂ ಸುಲಿಯದೆ ಇಡಿಯಾಗಿ ಹೂಳ್ತೀವಿ. ನನ್ನ ಮಾತ್ರ ಚೂರು ಮಾಡಿ ಹಂಚ್ತೀಯಾ?”

“ನೀವೇನ್ ದೇವ್ರ ಹೋರಿಯಾ? ಉಚ್ಚೇಲಿ ರಕ್ತ ಬಂದ್ರೂ ನಾಚ್ಕೊಂಡು ಮುಚ್ಚಿಟ್ಟ ಮನುಷ್ಯ. ನಾಳೆ ಮಕ್ಳಿಗೂ ಇದೇ ಬಂದ್ರೆ?” ಎಂದೆ.

ಇವರು ಹೊದಿಕೆ ಸರಿಸಿ ಎದ್ದು ಕೂತರು. ಆಮೇಲೆ ಡಾಕ್ಟರಮ್ಮನಿಗೆ ತಾವೇ, “ತಗೋ ತಾಯಿ” ಎಂದರು.

ಈಗ ಅವರಿಲ್ಲ. ನಮ್ಮ ದ್ರಾಕ್ಷಿ ತೋಟದ ಅಂಚಿನಲ್ಲೇ ಹೂಳಿದೆವು, ಇಡಿಯಾಗಿ ಅಲ್ಲ. ಅವರನ್ನು ಕೊಂದದ್ದರ ಒಂದು ಚೂರು ಯಾವುದೋ ಗಾಜಿನ ತಟ್ಟೆಯಲ್ಲಿ ಇನ್ನೂ ಬದುಕಿದೆಯಂತೆ. ಬದುಕಲಿ. ಅದನ್ನು ಕೊಲ್ಲುವುದು ಹೇಗೆಂದು ಡಾಕ್ಟರುಗಳು ಅದರಿಂದಲೇ ಕಲಿಯಲಿ.