ಏಡಿಯ ಬೆನ್ನಿನ ಹಸಿ ಬಣ್ಣ

ದೆವ್ವ ಕಂಡೆ, ಭೂತ ಕಂಡೆ ಎನ್ನುವವರನ್ನು ನಾನು ಎಂದೂ ಹತ್ತಿರ ಸೇರಿಸಿದವನಲ್ಲ. ಹುಮನಾಬಾದಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಮಾತು ತೆಗೆದರೆ, "ನಿಮ್ಮ ದೆವ್ವಕ್ಕ ಬೆನ್ನೆಲುಬು ಅದನೋ ಇಲ್ಲೋ ಮೊದಲ ಹೇಳ್ರಿ, ಮುಂದಿಂದು ಆಮ್ಯಾಲ ಮಾತಾಡೂಣು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಅಂಥ ಮಾತು ಬಂದರೆ ಎದ್ದು ಹೊರಗೆ ಹೋಗುತ್ತೇನೆ. ನಂಬಿಕೆ ಬಂದಿದೆ ಅಂತಲ್ಲ. ನಗಲು ಆಗುವುದಿಲ್ಲ, ಅಷ್ಟೇ.

ಇದನ್ನು ಹೇಳಬೇಕೆಂದರೆ ಮೊದಲು ಸುಲೋಚನಾ ಬಾಯಾರ ವಿಷಯ ಹೇಳಬೇಕು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳಿಗೆ ಬಾಯಾರು ಎನ್ನುತ್ತೇವೆ. ಬಸವಕಲ್ಯಾಣದಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದವರು ಅವರೇ. ಊರಿನವರ ಬಾಯಲ್ಲಿ ಮಾತ್ರ ಅವರು 'ಏಡಿ ಬಾಯಾರು'. ಮುಡಬಿಯ ಒಕ್ಕಲುತನದ ಲಿಂಗವಂತರ ಮನೆ ಅವರದು. ತತ್ತಿ ಎಂಬ ಶಬ್ದವನ್ನೂ ಎತ್ತದ ಆ ಮನೆಯ ಮಗಳು ಹೋಗಿ ಹಿಡಿದದ್ದು ಏಡಿ! ತಾಯಿ ಬದುಕಿರುವವರೆಗೆ ಏಡಿ ಮುಟ್ಟಿ ಬಂದ ದಿನ ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡೇ ಒಳಗೆ ಕಾಲಿಡಬೇಕಿತ್ತು. ಏಡಿ ಸಾಕಿದ ಬೋಗುಣಿಗಳಿಗೆ ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಷ್ಟೇ ಜಾಗ. ಕನ್ಯೆ ನೋಡಲು ಬಂದ ಗಂಡಿನವರು ಆ ಕೊಟ್ಟಿಗೆಯನ್ನೂ ನೋಡಿ, ಚಹಾ ಕುಡಿಯದೆ ಬಸ್ಸು ಹತ್ತಿದರಂತೆ. "ಛಲೋ ಆತು ಬಿಡು. ಅವ್ರ ಮನಿಯಾಗ ಕೊಟ್ಟಿಗಿನೇ ಇರ್ಲಿಲ್ಲಂತ" ಎಂದು ಬಾಯಾರು ನಗುತ್ತಿದ್ದರು.

ಹೊಲದ ಬಾವಿ, ಹಳ್ಳ, ಕಾಲುವೆಗಳ ಸಿಹಿನೀರಿನ ಏಡಿಗಳಿಗಾಗಿಯೇ ಅವರು ಆಯುಷ್ಯ ಕಳೆದರು. ದೊಡ್ಡ ಊರಿನ ವಿಜ್ಞಾನ ಸಭೆಗಳಲ್ಲಿ ಸಮುದ್ರದ ಸೀಗಡಿ ಅಭ್ಯಾಸ ಮಾಡಿದವರಿಗೆಲ್ಲ ಮಣೆ ಹಾಕಿ, ಊಟದ ಗಂಟೆ ಹೊಡೆಯುವ ಹೊತ್ತಿಗೆ ಇವರನ್ನು ವೇದಿಕೆಗೆ ಕರೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ.

ಹಿಡಿದ ಏಡಿಯ ಬೆನ್ನು ಒರೆಸಿ, ನೇಲ್ ಪಾಲಿಶಿನಿಂದ ಗುರುತು ಹಾಕಿ ಮತ್ತೆ ನೀರಿಗೆ ಬಿಡುವುದು ಅವರ ಪದ್ಧತಿ. ಮುಂದೆ ಅದೇ ಏಡಿ ಸಿಕ್ಕರೆ ಎಲ್ಲಿಂದ ಎಲ್ಲಿಗೆ ಬಂತು, ಎಷ್ಟು ದಿನ ಬದುಕಿತು ಎಂಬುದು ಗೊತ್ತಾಗುತ್ತದೆ. ಜನ್ಮದಲ್ಲಿ ಒಮ್ಮೆಯೂ ಉಗುರಿಗೆ ಬಣ್ಣ ಹಚ್ಚದ ಬಾಯಾರು ನೀಲಿ ಬಣ್ಣದ ಶೀಶೆ ಕೇಳಿದರೆ ಬಳೆ ಅಂಗಡಿಯವನು ಅವರ ಮುಖ ಮುಖ ನೋಡುತ್ತಿದ್ದ. ಹಿಂದೊಮ್ಮೆ ಏಡಿ ಚಿವುಟಿದ ಗಾಯ ಕೀವಾಗಿ ಅವರ ತೋರುಬೆರಳು ಸೊಟ್ಟಗಾಗಿತ್ತು. ಹೀಗಾಗಿ ಅವರು ಎಳೆದ ಗೀಟು ಕೊನೆಯಲ್ಲಿ ಕೊಕ್ಕೆಯ ಹಾಗೆ ಒಳಕ್ಕೆ ಬಾಗುತ್ತಿತ್ತು. ನಾನು ಎಷ್ಟು ಸಲ ಬರೆದು ನೋಡಿದರೂ ಆ ಕೊಕ್ಕೆ ನನ್ನ ಕೈಗೆ ಬರಲಿಲ್ಲ. ಆದರೆ ಆ ಗುರುತು ಬಾಳುವಂಥದ್ದಲ್ಲ. ಬೆಳೆಯುವಾಗ ಏಡಿ ಹಳೆಯ ಚಿಪ್ಪು ಕಳಚುತ್ತದೆ, ಚಿಪ್ಪಿನ ಜೊತೆ ಬಣ್ಣವೂ ಹೋಗುತ್ತದೆ.

ಬಾಯಾರು ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ದನಿ ಪೂರ್ತಿ ಸೋತಿತ್ತು. "ನಿರ್ಣಾ ದಾರಿ ಬಾವಿ ಬಿಡಬ್ಯಾಡ. ಮಾರುತಿನ್ನ ನೋಡ್ಕೋ" ಎಂದರು. ನಿರ್ಣಾ ಊರಿನ ದಾರಿಯ ಆ ಬಾವಿಯಲ್ಲಿ ನಾವು ವರ್ಷಗಟ್ಟಲೆ ಏಡಿಗಳಿಗೆ ಗುರುತು ಹಾಕಿದ್ದೆವು. ಮಾರುತಿ ನಮಗಾಗಿ ಬಾವಿಗಿಳಿದು ಏಡಿ ಹಿಡಿಯುತ್ತಿದ್ದ ಕೂಲಿಯವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನು. ಬಾಯಾರಿಗೆ ಅವನ ಮೇಲೆ ಮಗನಷ್ಟು ಜೀವ. ಮನೆಗೆ ಬರುವಾಗ ಆ ಬಣ್ಣದ ಶೀಶೆಯನ್ನು ನಾನೇ ತಂದು ಕಪಾಟಿನಲ್ಲಿಟ್ಟೆ.

ಅವರು ಹೋಗಿ ಕೆಲವು ವರ್ಷಗಳಾಗಿದ್ದವು. ಬೇಸಿಗೆಯ ಒಂದು ಇಳಿಹೊತ್ತು ನಾನೂ ಮಾರುತಿಯೂ ಆ ಬಾವಿಗೆ ಹೋದೆವು. ಹಳೆಯ ಮೆಟ್ಟಿಲು ಬಾವಿ, ನೀರು ತಳ ಕಂಡಿತ್ತು. ಔಷಧಿಯಂಥ ಒಂದು ಕೆಟ್ಟ ವಾಸನೆ ಇತ್ತು. ಊರಾಚೆಯ ಕಾರ್ಖಾನೆಗಳ ಕಡೆಯಿಂದ ಗಾಳಿ ಬಂದಾಗ ಆ ವಾಸನೆ ಇದ್ದದ್ದೇ, ನಮ್ಮ ಮೂಗಿಗೆ ರೂಢಿಯಾಗಿಬಿಟ್ಟಿದೆ. ಮಾರುತಿ ಅಂಗಿ ಬಿಚ್ಚಿಟ್ಟು ಬುಟ್ಟಿ ಹಿಡಿದು ಇಳಿಯಲು ಹೊರಟವನು ಎರಡು ಮೆಟ್ಟಿಲಿಗೇ ನಿಂತುಬಿಟ್ಟ.

ಅವನ ಮುಂದಿನ ಮೆಟ್ಟಿಲ ಮೇಲೆ, ಸುಡುವ ಕಲ್ಲಿನ ಮೇಲೆ, ಒಂದು ಏಡಿ ಕೂತಿತ್ತು. ನಮ್ಮನ್ನು ಕಂಡರೂ ಓಡಲಿಲ್ಲ. ಬೆನ್ನ ಮೇಲೆ ನೀಲಿ ಗೀಟು, ಗೀಟಿನ ಕೊನೆಗೆ ಕೊಕ್ಕೆ.

"ಸರ್, ಇದು ಬಾಯಾರದ್ ಕೈ ಅಲ್ಲೇನ್ರಿ?" ಎಂದ ಮಾರುತಿ.

ನಾನು ಏಡಿಯನ್ನು ಎತ್ತಿಕೊಂಡೆ. ಹೆಬ್ಬೆರಳು ಗೀಟಿಗೆ ತಾಗಿತು. ಬಣ್ಣ ಹಸಿ ಇತ್ತು. ಉಗುರಿಗೆ, ಉಗುರಿನ ಸಂದಿಗೆ ಮೆತ್ತಿಕೊಂಡಿತು. ಸುತ್ತ ಬಯಲು ಹೊಲ, ಯಾರ ಸುಳಿವೂ ಇರಲಿಲ್ಲ. ಏಡಿಯನ್ನು ಬುಟ್ಟಿಗೆ ಹಾಕಿ, ಮಾರುತಿಯ ರಟ್ಟೆ ಹಿಡಿದು ಮೇಲೆ ಬೇವಿನ ಗಿಡದ ಕೆಳಗೆ ಬಂದೆ. ಯಾರೋ ಚೇಷ್ಟೆಗೆ ಹಚ್ಚಿರಬೇಕು ಎಂದು ನಾನು, ಆ ಕೊಕ್ಕೆ ಬೇರೆ ಯಾರಿಗೆ ಬರುತ್ತದೆ ಎಂದು ಅವನು. ಹಾಗೆ ವಾದಿಸುತ್ತಿರುವಾಗ ಆ ಹೊಲದ ಆಳು ರಾಚಪ್ಪ ಬಂದ. ಮೋಟರ್ ನೀರೆತ್ತುತ್ತಿಲ್ಲ ಎಂದು ಪೈಪು ನೋಡಲು ಬಂದಿದ್ದ. ಬುಟ್ಟಿಗೆ ಬಗ್ಗಿ ನೋಡಿದ, ಮಾರುತಿಯ ಮಾತು ಕೇಳಿದ, ಗಟ್ಟಿಯಾಗಿ ನಕ್ಕ.

"ಸತ್ತೋರು ಬಂದು ಬಣ್ಣಾ ಹಚ್ಚಾಕತ್ತಾರೇನ್ರಿ ಸರ್? ನೀವರೆ ಓದಿದವ್ರು, ಹೇಳ್ರಿ ಇವಗ" ಎಂದವನೇ ನಗುತ್ತಲೇ ಬಾವಿಗಿಳಿದ.

ಸ್ವಲ್ಪ ಹೊತ್ತಿಗೆ ನಟ್ಟು ತಿರುಗಿಸುವ ಕಬ್ಬಿಣದ ಪಾನಾ ಕಲ್ಲಿಗೆ ಬಿದ್ದ ಸದ್ದು ಕೇಳಿತು. ಕೂಗಿದರೆ ಉತ್ತರವಿಲ್ಲ. ಮೇಲಿನಿಂದ ಇಣುಕಿ ನೋಡಿದರೆ ರಾಚಪ್ಪ ಕೊನೆಯ ಮೆಟ್ಟಿಲ ಮೇಲೆ ಬೋರಲು ಬಿದ್ದಿದ್ದ. ಮಾರುತಿ ಇಳಿಯಲು ನುಗ್ಗಿದ. ಆಗ ನನಗೆ ಆ ವಾಸನೆಯ ಅರ್ಥವಾಯಿತು. ಕೆಳಗೆ ವಿಷಗಾಳಿ ಕಟ್ಟಿಕೊಂಡಿತ್ತು. ಮಾರುತಿಯನ್ನು ಹಿಂದಿನಿಂದ ತಬ್ಬಿ ನೆಲಕ್ಕೆ ಕೆಡವಿ ಅವನ ಮೇಲೆ ಬಿದ್ದುಕೊಂಡೆ. "ಬಿಡ್ರಿ ಸರ್, ಸಾಯಾಕತ್ತಾನ್ರಿ ಅಂವಾ!" ಎಂದು ನನ್ನ ಕೈ ಕಚ್ಚಿದ. ನಾನು ಬಿಡಲಿಲ್ಲ. ಜನ ಕೂಡಿ, ಹಗ್ಗ ಬಂದು, ಗಾಳಿ ಹಾಯಿಸಿ ರಾಚಪ್ಪನನ್ನು ಮೇಲೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಗದ್ದಲದಲ್ಲಿ ಯಾರದೋ ಕಾಲು ತಾಗಿ ಬುಟ್ಟಿ ಉರುಳಿತ್ತು. ಏಡಿ ಮತ್ತೆ ಸಿಗಲಿಲ್ಲ.

ಯಾವುದೋ ಟ್ಯಾಂಕರಿನವರು ಬಾವಿಗೆ ಕಾರ್ಖಾನೆಯ ಹೊಲಸು ಸುರಿದು ಹೋಗಿದ್ದರೆಂದು ಆಮೇಲೆ ಜನ ಆಡಿಕೊಂಡರು. ಯಾರೆಂಬುದು ಇವತ್ತಿಗೂ ಗೊತ್ತಾಗಿಲ್ಲ. ನೀರು ಕೆಟ್ಟಾಗ ಏಡಿ ದಡಕ್ಕೆ ಬರುತ್ತದೆ, ಅರೆಜೀವವಾಗಿದ್ದರೆ ಓಡುವುದೂ ಇಲ್ಲ. ಅಷ್ಟನ್ನು ನಾನು ಪಾಠ ಮಾಡಬಲ್ಲೆ. ಆ ಸಂಜೆ ಮನೆಗೆ ಬಂದು ಕಪಾಟು ತೆರೆದು ನೋಡಿದೆ. ಬಾಯಾರ ಶೀಶೆಯಲ್ಲಿ ಬಣ್ಣ ಒಣಗಿ ಕಲ್ಲಾಗಿತ್ತು, ಮುಚ್ಚಳ ತಿರುಗಲಿಲ್ಲ. ಹಾಗಾದರೆ ಅದು ಯಾರ ಕೈ, ಎಲ್ಲಿಯ ಬಣ್ಣ? ಹೇಗೆ ತಿರುಗಿಸಿ ನೋಡಿದರೂ ನನ್ನ ವಿದ್ಯೆ ಇಲ್ಲಿಗೆ ನಿಲ್ಲುತ್ತದೆ. ಮಾರುತಿಗೆ ಈ ಕಷ್ಟವಿಲ್ಲ. ಬಾಯಾರು ಬಂದು ತಡೆದರು ಎನ್ನುತ್ತಾನೆ, ಎದೆ ಮುಟ್ಟಿಕೊಳ್ಳುತ್ತಾನೆ. ಅವನ ಮುಂದೆ ನಾನು ಹೌದು ಅನ್ನುವುದಿಲ್ಲ, ಅಲ್ಲ ಎನ್ನುವ ಧೈರ್ಯವೂ ಇಲ್ಲ.

ಮಣ್ಣಾದ ಮೂರನೇ ದಿನ ಇಬ್ಬರೂ ರಾಚಪ್ಪನ ಮನೆಗೆ ಹೋಗಿದ್ದೆವು. ಮಾರುತಿ ತಡೆಯಲಾರದೆ ಎಲ್ಲ ಹೇಳಿಬಿಟ್ಟ. ರಾಚಪ್ಪನ ಹೆಂಡತಿ ಗೋಡೆಗೆ ಆತು ಕೂತು ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನಿಮಗಂತೂ ಬಾಯಾರ್ ಇದ್ರು ಸರ್. ನಮ್ಮವ್ರಿಗಿ ತಡಿಯೋರ್ ಯಾರೂ ಇರ್ಲಿಲ್ಲೇನ್ರಿ ಅಲ್ಲಿ?" ಎಂದಳು.

ಉಗುರಿನ ಸಂದಿಯ ನೀಲಿ ಬಣ್ಣ ಇನ್ನೂ ಹೋಗಿರಲಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕೂತೆ.