ಗೆಡ್ಡೆ ಮುಟ್ಟದ ಎಲೆ

ನಮ್ಮತ್ತೆಯವರ ಬಲಗೈ ತೋರುಬೆರಳಿನ ತುದಿಯಲ್ಲಿ ನೂಲು ಕೊರೆದ ಒಂದು ಗೀರಿತ್ತು. ಬೆಳಗ್ಗೆ ಕುಂಕುಮ ಇಟ್ಟುಕೊಂಡರೆ ಸಂಜೆಯವರೆಗೂ ಆ ಗೀರಿನಲ್ಲಿ ಕೆಂಪು ಉಳಿದಿರುತ್ತಿತ್ತು.

ತಮಿಳು ಸೀಮೆಯ ಅವಿನಾಶಿಯಲ್ಲಿ ನಮ್ಮದು ಖಾದಿ ನೇಯುವ ಕನ್ನಡದ ಮನೆ. ಅಲ್ಲಿ ದೀಪ ಆರಿತು ಅನ್ನುವಂತಿಲ್ಲ, ದೊಡ್ಡದಾಯಿತು ಅನ್ನಬೇಕು. ಬಳೆ ಒಡೆದರೆ ಹೆಚ್ಚಿತು ಅನ್ನಬೇಕು. ಇಂಥ ಮನೆಯಲ್ಲಿ ಅತ್ತೆಯ ಕಿರಿಮಗ, ನನ್ನ ಮೈದುನ, ಮಗ್ಗದ ಗುಂಡಿಯಲ್ಲಿ ಕೂತಲ್ಲೇ ಕೆಮ್ಮಿ ರಕ್ತ ಉಗುಳಿದ. ಕ್ಷಯ ಎಂಬ ಮಾತನ್ನು ಅತ್ತೆ ಯಾರ ಬಾಯಿಂದಲೂ ಬರಗೊಡಲಿಲ್ಲ. "ಕ್ಷಯ ಅಂದ್ರೆ ತೇಯೋದು. ನನ್ ಮಗನ್ನ ತೇಯ್ಸಬೇಡ್ರಿ."

ಕೊಯಮತ್ತೂರಿನ ಡಾಕ್ಟರು, ಶ್ವಾಸಕೋಶ ಟ್ಯುಬರ್ಕ್ಯುಲಸ್ ಆಗಿದೆ, ಇದಕ್ಕೆ ಮದ್ದು ಇನ್ನೂ ಹುಟ್ಟಿಲ್ಲ, ಹಾಲು ಕೊಡಿ, ಗಾಳಿಯಲ್ಲಿ ಮಲಗಿಸಿ ಎಂದರು.

"ಪಿರಿಚ್ಚು ಸೊಲ್ಲುಂಗೊ, ಸಾಮಿ," ಬಿಡಿಸಿ ಹೇಳಿ ಎಂದು ಅತ್ತೆ ಕೇಳಿದರು.

ಆ ಪುಣ್ಯಾತ್ಮರು ನಗಲಿಲ್ಲ. ಟ್ಯು, ಬರ್, ಕ್ಯು, ಲಸ್ ಎಂದು ಬಿಡಿಸಿದರು. ಅತ್ತೆ ಒಂದೊಂದನ್ನೂ ಬೆರಳ ಗೆಣ್ಣಿಗೆ ಒತ್ತಿಕೊಂಡು ಹೇಳಿದರು. ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ ಸಣ್ಣ ಗೆಡ್ಡೆ ಎಂದರ್ಥವಂತೆ. ಎದೆಯೊಳಗೆ ಅಂಥ ಗಂಟುಗಳು ಏಳುವುದರಿಂದ ಆ ಹೆಸರಂತೆ.

"ಗೆಡ್ಡೆ ಅಂದ್ರೆ ಕೀಳಬಹುದು, ಕಣ್ಣು," ಎಂದರು ಬಸ್ಸಿನಲ್ಲಿ ನನ್ನೊಡನೆ; ತಮಿಳರಂತೆ ನನ್ನನ್ನು ಮುದ್ದಿಗೆ ಕರೆಯುತ್ತಿದ್ದುದೇ ಹಾಗೆ. "ತೇಯೋದನ್ನ ಹೆಂಗೆ ಹಿಡಿಯೋದು?"

ಕಾರಮಡೈ ರಂಗನಾಥನಿಗೆ ಹರಕೆ ಹೊತ್ತು ಅಂದಿನಿಂದ ಗೆಡ್ಡೆಯನ್ನೇ ಬಿಟ್ಟರು. ಆಲೂಗೆಡ್ಡೆ, ಸುವರ್ಣಗೆಡ್ಡೆ, ಕೊನೆಗೆ ತಮ್ಮ ಪ್ರಾಣವಾಗಿದ್ದ ಹುರಿದ ಕೆಸುವಿನ ಗೆಡ್ಡೆ ಕೂಡ.

"ಡಾಕ್ಟ್ರು ಹೇಳಿದ್ದು ಬರೀ ಮಾತಿನ ಮೂಲ ಕಣೇ," ಎಂದು ಮಾವ ರೇಗಿಸಿದರು. "ಅದಕ್ಕೆ ಊಟ ಬಿಡ್ತಾರಾ?"

"ನಿಮಗೆ ಅದು ಮಾತು. ನನಗೆ ಮಗ."

ಮೈದುನ ಉಳಿಯಲಿಲ್ಲ. ಆ ಕೆಟ್ಟ ಹೆಸರು ನಮ್ಮ ಮನೆಯೊಳಗೆ ಒಮ್ಮೆಯೂ ಅವನ ಕಿವಿಗೆ ಬೀಳದೆ ಹೋದ. ಅಷ್ಟು ದೇವರ ದಯೆ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ದಿನ ಕೆಸುವಿನ ಗೆಡ್ಡೆ ಹುರಿದು ಅವರ ಎಲೆಯ ಬಳಿ ತಂದೆ. "ಇನ್ಯಾಕತ್ತೆ ಹರಕೆ?"

ಅವರು ಎಲೆಗೆ ಕೈ ಅಡ್ಡ ಹಿಡಿದರು. "ಆ ಗುಂಡೀಲಿ ಈಗ ಕೂರೋನು ಯಾರು, ಕಣ್ಣು?"

ನನ್ನ ಯಜಮಾನರು. ಒಳಗಿನಿಂದ ಅವರ ಮಗ್ಗದ ಸದ್ದು ಕೇಳುತ್ತಿತ್ತು. ಸೌಟಿನಲ್ಲಿದ್ದುದನ್ನು ಮತ್ತೆ ಪಾತ್ರೆಗೇ ಹಾಕಿದೆ.

ಹೋದ ವರ್ಷ ಅತ್ತೆಯ ದೀಪ ದೊಡ್ಡದಾಯಿತು. ಮಗ್ಗದ ಸದ್ದು ಇನ್ನೂ ಕೇಳುತ್ತಿದೆ, ಕೆಮ್ಮಿಲ್ಲ. ದಿನವೂ ರಂಗನಾಥನಿಗೆ ಕೈ ಮುಗಿಯುತ್ತೇನೆ. ತಿಥಿಯ ದಿನ ಅತ್ತೆಯ ಎಲೆಗೆ ಕೆಸುವಿನ ಗೆಡ್ಡೆ ಹುರಿದು ಎಲೆ ತುಂಬ ಬಡಿಸಿದೆ.

ನನ್ನ ಎಲೆಗೆ ಹಾಕಿಕೊಳ್ಳಲಿಲ್ಲ.