ಫೋನಿನಲ್ಲಿ ಬಂದ ಸೋದರಮಾವ

ಈರಣ್ಣನ ವಿಡಿಯೊ ಕಾಲ್ ಬಂದರೆ ಮೊದಲು ಕಾಣುವುದು ಅವನ ಗ್ಲಾಸು, ಆಮೇಲೆ ಹೊಟ್ಟೆ, ಕೊನೆಗೆ ಮುಖ. ಮುಖ ಬರುವ ಹೊತ್ತಿಗೆ ನಾನು ಎರಡು ರೊಟ್ಟಿ ಬಡಿದು ಮುಗಿಸಿರುತ್ತಿದ್ದೆ. ಅವನಿರುವಲ್ಲಿ ಎಂಟು ಗಂಟೆಯಾದರೆ ಆಂಧ್ರದ ಗಡಿಯ ನಮ್ಮ ಆದವಾನಿಯಲ್ಲಿ ಆರೂವರೆ. ಅವನಿಗೆ ಬಾರಿನ ಹೊತ್ತು, ನನಗೆ ಒಲೆಯ ಹೊತ್ತು. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಆದರೂ 'ಅವರು' ಎಂದು ಬರೆಯಲು ಕೈ ಏಳುವುದಿಲ್ಲ.

ಪಕ್ಕದ ಮನೆಯ ನಾಗಮ್ಮನ ಅಣ್ಣ ಅವನು. ನಾಗಮ್ಮನದು ಬಟನ್ ಫೋನು, ಹಾಗಾಗಿ ಅವನ ದರ್ಶನವೆಲ್ಲ ನನ್ನ ಫೋನಿನಲ್ಲೇ. ಪೆದ್ದಹರಿವಾಣದಲ್ಲಿ ಹುಟ್ಟಿ, ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ಫಿಟ್ಟರಾಗಿದ್ದು, ಮಸ್ಕತ್ತಿಗೆ ಹೋಗಿ ಇಪ್ಪತ್ತೆರಡು ವರ್ಷ ಏಸಿ ರಿಪೇರಿ ಮಾಡಿದ. ರಿಟೈರಾದ ಮೇಲೆ ಊರಿಗೆ ಬರದೆ ಥಾಯ್ಲೆಂಡಿನ ಸಮುದ್ರದ ದಂಡೆಯಲ್ಲಿ ಒಂದು ಕೋಣೆ ಹಿಡಿದ. ಮದುವೆಯಾಗಿರಲಿಲ್ಲ. "ನನ್ನ ಕೇಳಾಕ ಹೆಂಡ್ತಿ ಅದಾಳೇನು?" ಎನ್ನುವುದನ್ನು ಬೇರೆಯವರು ಬಿರುದು ಹೇಳಿಕೊಳ್ಳುವಂತೆ ಹೇಳಿಕೊಳ್ಳುತ್ತಿದ್ದ.

ಅವನ ದಿನಚರಿ ನನ್ನ ಗಂಡನದಕ್ಕಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಹತ್ತಕ್ಕೆ ಎದ್ದು ಪಪ್ಪಾಯಿ, ಎರಡು ಮೊಟ್ಟೆ. ಅದರ ಫೋಟೊ ಬರುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಮಸಾಜಿನವರಿಂದ ಕಾಲು ಒತ್ತಿಸಿಕೊಳ್ಳುವುದು. ಪಾದದ ಫೋಟೊ ಬರುತ್ತಿತ್ತು. ಊಟದ ಹೊತ್ತಿನಲ್ಲಿ ಯಾರ ಪಾದ ಯಾರಿಗೆ ಬೇಕು? ಸಂಜೆ ಹೂಬಳ್ಳಿಯ ಅಂಗಿ ತೊಟ್ಟು ಹೊರಡುವನು. ಸೋಮವಾರ ಹಾಡು ಹೇಳುವ ಬಾರು. ಶುಕ್ರವಾರ ಮೇಜಿನ ಮೇಲೆ ಕೋಲಿನಿಂದ ಚೆಂಡು ತಳ್ಳುವ ಪೂಲ್ ಆಟ. ಉಳಿದ ದಿನ ಎಲ್ಲಿ ಬೀರು ಅಗ್ಗವೋ ಅಲ್ಲಿ. ಜೊತೆಗೆ ಅವನಂಥವರೇ ನಾಲ್ವರು ಪಿಂಚಣಿ ಮುದುಕರು, ಬಿಸಿಲಿಗೆ ಕೆಂಪಾದ ಬಿಳಿಯರು.

"ಇಲ್ಲಿ ಎಲ್ಲಾರೂ ನನಗ ಕಿಂಗ್ ಅಂತಾರವಾ ಸರೋಜಾ. ಲೈಫ್ ಅಂದ್ರ ಇದು. ನೀವದೀರಿ, ರೊಟ್ಟಿ ಬಡಕೋಂತ."

ಯಾವ ರಾಜ್ಯಕ್ಕೆ ಕಿಂಗ್ ಎಂದು ನಾನು ಕೇಳಲಿಲ್ಲ, ಹಿಟ್ಟು ಒಣಗುತ್ತಿತ್ತು.

ವರ್ಷಕ್ಕೊಮ್ಮೆ ಆದವಾನಿಗೆ ಬರುತ್ತಿದ್ದ. ತಂಗಿಗಾಗಿ ಅಲ್ಲ, ಹಲ್ಲು ಕಟ್ಟಿಸಿಕೊಳ್ಳಲು; ಅಲ್ಲಿ ಅದು ದುಬಾರಿಯಂತೆ. ಕರವಸ್ತ್ರದಿಂದ ಕುರ್ಚಿ ಒರೆಸಿ ಕೂರುವನು. "ಛೀ, ಈ ಎಣ್ಣಿ ಎಷ್ಟು ಸಲ ಕಾಯಿಸ್ಯಾರೋ!" ಎಂದು ಮೂಗು ಮುರಿಯುವನು, ಎಂಟನೆಯ ಮೆಣಸಿನಕಾಯಿ ಬಜ್ಜಿ ಬಾಯಿಗಿಡುತ್ತ. ನಾಗಮ್ಮ ಮತ್ತೆರಡು ಹಾಕುತ್ತಿದ್ದಳು. "ತಿನ್ನಣ್ಣ, ಅಲ್ಲಿ ಇದೆಲ್ಲಿ ಸಿಗತೈತಿ."

ಒಮ್ಮೆ ಮಧ್ಯಾಹ್ನ ಅವನು ಕಾಲ್ ಕಟ್ ಮಾಡುವುದನ್ನು ಮರೆತ. ಬನಿಯನ್ನಿನಲ್ಲಿ ನಿಂತು ಒಂದೇ ಒಂದು ತಟ್ಟೆ ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆದ. ನಾನೇ ಕಟ್ ಮಾಡಿದೆ. ಸಂಜೆ ಮತ್ತೆ ಗ್ಲಾಸು, ಹೊಟ್ಟೆ, ಕಿಂಗ್. ನನ್ನ ಕನಿಕರ ದಂಡವಾಯಿತು.

ನಾಗಮ್ಮನ ಒಬ್ಬಳೇ ಮಗಳು ಜ್ಯೋತಿಗೆ ಕೋಸಗಿಯ ಹುಡುಗ ಗೊತ್ತಾದ. ನಮ್ಮಲ್ಲಿ ಮದುಮಗಳನ್ನು ಬಿದಿರಿನ ಬುಟ್ಟಿಯಲ್ಲಿ ಕೂರಿಸಿ, ಸೋದರಮಾವ ಎತ್ತಿಕೊಂಡು ಹಂದರಕ್ಕೆ ತರಬೇಕು. ಜ್ಯೋತಿಗೆ ಇದ್ದವನು ಈರಣ್ಣನೊಬ್ಬನೇ. ನಾಗಮ್ಮ ಗಂಡನನ್ನು ಕಳೆದುಕೊಂಡಾಗಿನಿಂದ ಶುಭಕಾರ್ಯದಲ್ಲಿ ಹಿಂದಿನ ಗೋಡೆಗೆ ಒರಗಿ ನಿಲ್ಲುವವಳು. "ಬೀಗರ ಮುಂದ ನನ್ನ ಕಡಿಯವರು ಅಂತ ಒಬ್ಬರಾರ ನಿಂದ್ರಬೇಕಲ್ಲ ಸರೋಜಾ," ಎಂದು ದಿನಾ ಹೇಳುವಳು. ಈರಣ್ಣ ತೋಳು ಮಡಿಸಿ ತೋರಿಸಿದ್ದ: "ನಾ ಒಬ್ಬನ ಎತ್ತತೀನಿ, ನೋಡ್ತಿರ್ರಿ!"

ಮದುವೆ ಶುಕ್ರವಾರ ಸಂಜೆ, ಗೋಧೂಳಿ ಮುಹೂರ್ತಕ್ಕೆ. ನಾಲ್ಕು ದಿನ ಮೊದಲು ಕಾಲ್ ಬಂತು.

"ಶುಕ್ರವಾರ ಪೂಲಿನ ಫೈನಲ್ ಐತವಾ. ನಾ ಇಲ್ಲಂದ್ರ ಟೀಮು ಸೋಲತೈತಿ."

"ಅಣ್ಣಾ, ಚೆಂಡು ಹೊಡಿಯಾಕ ಅಲ್ಲಿ ಇನ್ನೊಬ್ಬ ಮುದುಕ ಸಿಗ್ತಾನ. ಇಲ್ಲಿ ಇನ್ನೊಬ್ಬ ಮಾವ ಸಿಗಂಗಿಲ್ಲ," ಎಂದೆ.

"ವಿಡಿಯೊದಾಗ ಇರ್ತೀನಲ್ಲ! ಈಗೆಲ್ಲಾ ಹಂಗ ನಡೀತೈತಿ."

ನಾಗಮ್ಮ ಅದನ್ನೂ ನಂಬಿದಳು. ಮದುವೆಯ ದಿನ ನನ್ನ ಫೋನನ್ನು ಅರಿಶಿನದ ದಾರದಿಂದ ಬುಟ್ಟಿಯ ಅಂಚಿಗೆ ತಾನೇ ಕಟ್ಟಿದಳು. "ಅಣ್ಣನ ಕೈ ಮುಟ್ಟಿದಂಗ ಆಗತೈತಿ," ಎಂದಳು. ನಮ್ಮ ಯಜಮಾನರೂ ಇನ್ನೊಬ್ಬರೂ ಬುಟ್ಟಿ ಎತ್ತುವುದು, ಎತ್ತಿದ್ದು ಅವನ ಲೆಕ್ಕಕ್ಕೆ ಎಂದು ಮಾತಾಯಿತು.

"ಮೇನಮಾಮ ಯಾಡುಂಡಾಡಮ್ಮಾ?" ಸೋದರಮಾವ ಎಲ್ಲಿ ಎಂದು ಪುರೋಹಿತರು ತೆಲುಗಿನಲ್ಲಿ ಕೇಳಿದರು. ನಾಗಮ್ಮ ಫೋನು ತೋರಿಸಿದಳು. ಫೋನಿನಲ್ಲಿ ಡಬಡಬ ಸಂಗೀತ. ಈರಣ್ಣ "ಮೈ ಫ್ಯಾಮಿಲಿ!" ಎಂದು ಕೂಗಿ ಇಡೀ ಬಾರಿಗೆ ನಮ್ಮನ್ನು ತೋರಿಸಿದ. ಅಲ್ಲಿಯ ಯಾರೋ ಹೆಂಗಸು ಪುರೋಹಿತರತ್ತ ಗಾಳಿಯಲ್ಲಿ ಮುತ್ತು ತೂರಿದಳು. ಅವರು ಪಂಚಾಂಗ ನೋಡತೊಡಗಿದರು.

"ಒಂದು ನಿಮಿಷ ತಡೀರಿ, ನನ್ನ ಪಾಳಿ ಬಂತು," ಎಂದ ಈರಣ್ಣ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಹೋದ.

ಆಮೇಲೆ ನಮಗೆ ಕಂಡದ್ದು ಬಾರಿನ ಫ್ಯಾನು.

"ಅಣ್ಣಾ... ಅಣ್ಣಾ..." ನಾಗಮ್ಮ ಆ ಫ್ಯಾನನ್ನೇ ಕರೆಯುತ್ತಿದ್ದಳು. ಬೀಗಿತಿ ಮುಹೂರ್ತ ಮೀರುತ್ತದೆ ಎಂದು ಗೊಣಗಿದರು. ಬುಟ್ಟಿಯಲ್ಲಿದ್ದ ಜ್ಯೋತಿ ಎದ್ದು ನಿಂತಳು. ದಾರ ಬಿಚ್ಚಿ ಫೋನನ್ನು ನನ್ನ ಕೈಗಿಟ್ಟಳು.

"ಚಿಗವ್ವಾ, ಇದನ್ನ ಆರಿಸಿ ಚೀಲದಾಗ ಹಾಕು. ಏಳವ್ವಾ, ನೀ ನನ್ನ ಕೈ ಹಿಡಿ."

"ನಾ ಬರಬಾರದವಾ..."

"ನೀ ಬರಲಿಲ್ಲಂದ್ರ ನಾನೂ ಬರಂಗಿಲ್ಲ."

ಇಬ್ಬರೂ ನಡೆದುಕೊಂಡೇ ಹಂದರಕ್ಕೆ ಹೋದರು. ಬೀಗಿತಿ ಬಾಯಿ ತೆರೆದವರು, ಜ್ಯೋತಿಯ ಮುಖ ನೋಡಿ ಮುಚ್ಚಿದರು.

ಮರುದಿನ ಸಂಜೆ ನಾಗಮ್ಮ ನನ್ನ ಅಡುಗೆಮನೆಯಲ್ಲಿ ಕೂತಿದ್ದಾಗ ಅವನ ಕಾಲ್ ಬಂತು. ಗ್ಲಾಸಿನ ಜಾಗದಲ್ಲಿ ಬಂಗಾರದ ಬಣ್ಣದ ಒಂದು ಟ್ರೋಫಿ ಕಪ್.

"ಗೆದ್ದಿವಿ ನಾಗಮ್ಮಾ! ಮದುವಿ ಚಲೋ ಆತಲ್ಲ? ನಾ ಬುಟ್ಟಿ ಎತ್ತಿದ ವಿಡಿಯೊ ಕಳಿಸ್ರಿ, ಇಲ್ಲಿ ಎಲ್ಲಾರಿಗೂ ತೋರಸಬೇಕು."

ನಾಗಮ್ಮ ಫೋನಿನಲ್ಲಿ ಕಾಣುತ್ತಿದ್ದ ಆ ಟ್ರೋಫಿಯತ್ತ ಬೆರಳು ಮಾಡಿದಳು.

"ಅದು ಎತ್ತಾಕ ಭಾರ ಐತೇನಣ್ಣ?"

"ಏ, ಪ್ಲಾಸ್ಟಿಕ್ಕು! ಹಗುರ ಐತಿ," ಎಂದು ನಗುತ್ತ ಅವನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ.

ನಾಗಮ್ಮ ಎದ್ದು ಸೆರಗು ಝಾಡಿಸಿಕೊಂಡು ತನ್ನ ಮನೆಗೆ ಹೋದಳು. ಅವನ ಕಾಲ್ ಈಗಲೂ ಬರುತ್ತದೆ. ನಾನು ಆಕೆಯನ್ನು ಕೂಗುವುದಿಲ್ಲ. ಆಕೆಯೂ ಯಾರದೆಂದು ಕೇಳುವುದಿಲ್ಲ.